ಕರಾರಿಗೊಂದು ತಕರಾರು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಬಳ್ಳಿಗಾವಿಯ ಯಲ್ಲಪ್ಪನವರು ಸುಳ್ಳುಗಾರರೆಂದು ತೀರ್ಮಾನವಾಯಿತು. ತೀರ್ಮಾನ ಕೊಟ್ಟವರು ಪಂಚರಲ್ಲ, ಪೊಲೀಸರಲ್ಲ, ಅವರದೇ ಅಂಗೈಯಲ್ಲಿದ್ದ ಫೋನು. ಅದರೊಳಗಿನ ಹೆಣ್ಣುದನಿ ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವವರಷ್ಟೇ ನಯವಾಗಿ ಹೇಳಿತು: "ಗೌರವಾನ್ವಿತ ಸಾಕ್ಷಿಗಳೇ, ನಿಮ್ಮ ವರದಿ ನಲವತ್ತೊಂದು ಮಿಲಿಮೀಟರ್. ಒಪ್ಪಿತ ವರದಿ ಇಪ್ಪತ್ತೆರಡು ಮಿಲಿಮೀಟರ್. ಇದು ನಿಮ್ಮ ಮೂರನೆಯ ವ್ಯತ್ಯಾಸ. ನಿಮ್ಮ ಠೇವಣಿಯಿಂದ ನೂರು ಹನಿ ಕಡಿತವಾಗಿದೆ. ನಿಮ್ಮನ್ನು ಅಮಾನತಿನಲ್ಲಿ ಇಡಲಾಗಿದೆ. ತಕರಾರು ಇದ್ದಲ್ಲಿ ಮೂರು ದಿನದೊಳಗೆ ಸಲ್ಲಿಸಿ. ಧನ್ಯವಾದಗಳು."

ಒಳಗೆ ರೊಟ್ಟಿ ಬೇಯಿಸುತ್ತಿದ್ದ ಹೆಂಡತಿ ಯಮುನಮ್ಮ ಅದೇ ದನಿ ತೆಗೆದರು. "ಗೌರವಾನ್ವಿತ ಗಂಡನವರೇ, ನೀವು ಕೇಳಿದ ರೊಟ್ಟಿ ಮೂರು. ಒಪ್ಪಿತ ರೊಟ್ಟಿ ಎರಡು. ಒಂದು ರೊಟ್ಟಿ ಕಡಿತವಾಗಿದೆ. ಧನ್ಯವಾದಗಳು."

"ನಗಬ್ಯಾಡ ಯಮುನಾ. ನಲವತ್ತೊಂದು ಇತ್ತು. ಎರಡು ಸಲ ನೋಡೀನಿ, ಕನ್ನಡಕ ಒರೆಸಿ ಮತ್ತೊಂದು ಸಲ ನೋಡೀನಿ."

"ನಾನೇನು ಇಲ್ಲ ಅಂದ್ನೇನ್ರಿ? ಇಲ್ಲ ಅಂದಿದ್ದು ಫೋನು."

ಸಂಗತಿ ಇಷ್ಟು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮೆಕ್ಕೆಜೋಳದ ರೈತರು ಸೇರಿ ಕಟ್ಟಿಕೊಂಡ ಕಂಪನಿಯೊಂದು ಆ ವರ್ಷ ಮಳೆ ವಿಮೆ ತಂದಿತ್ತು. ಮಳೆ ತೀರ ಹೆಚ್ಚಿದರೂ ತೀರ ಕಡಿಮೆಯಾದರೂ ಪರಿಹಾರ ತಾನಾಗಿ ರೈತನಿಗೆ ತಲುಪಬೇಕು. ಅರ್ಜಿ, ಸರ್ವೆ, ಸಾಹೇಬರ ಸಹಿ ಏನೂ ಬೇಡ. ಈ ಕೆಲಸವನ್ನು ನೋಡಿಕೊಳ್ಳುವುದು ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ತಾನೇ ಜಾರಿಯಾಗುವ ಕಂಪ್ಯೂಟರ್ ಒಪ್ಪಂದ. ಅದು ಕೂತಿರುವುದು ಬ್ಲಾಕ್‌ಚೈನ್ ಎಂಬ ದಫ್ತರಿನಲ್ಲಿ. ಆ ದಫ್ತರು ನೂರಾರು ಕಂಪ್ಯೂಟರುಗಳಲ್ಲಿ ಒಂದೇ ಸಲಕ್ಕೆ ಬರೆದುಕೊಳ್ಳುತ್ತದೆ, ಬರೆದದ್ದನ್ನು ಯಾರಪ್ಪನಿಂದಲೂ ಅಳಿಸಲಾಗದು. ಊರವರು ಇಷ್ಟುದ್ದದ ಹೆಸರನ್ನು ಹೊರಲಾರದೆ ಅದನ್ನು 'ಕರಾರು' ಎಂದು ಕರೆದರು. ಕರಾರು ಲಂಚ ತಿನ್ನದು, ನಿದ್ದೆ ಹೊಡೆಯದು, ಅದರ ಮಾತೂ ಕರಾರುವಾಕ್ಕು. ಇದ್ದದ್ದು ಒಂದೇ ಕೊರತೆ, ಅದಕ್ಕೆ ಕಣ್ಣಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ಗುಮಾಸ್ತನ ಹಾಗೆ, ಹೊರಗೆ ಮಳೆಯೋ ಬಿಸಿಲೋ ಅದಕ್ಕೆ ಯಾರಾದರೂ ಬಂದು ಹೇಳಬೇಕು. ಹೀಗೆ ಹೇಳುವವರ ಕೂಟಕ್ಕೆ ಒರಾಕಲ್ ಜಾಲವೆಂದೂ, ಹೇಳುವವರಿಗೆ ವ್ಯಾಲಿಡೇಟರ್ ಎಂದೂ ಹೆಸರು. ತರಬೇತಿಯಲ್ಲಿ ಆ ಪದವನ್ನು ಐದು ಜನರ ಬಾಯಲ್ಲಿ ಹೇಳಿಸಿ ಐದು ತರ ಕೇಳಿದ ಮೇಲೆ, ಕಂಪನಿಯವರೇ ಕೈಮುಗಿದು 'ಸಾಕ್ಷಿ' ಎಂದುಬಿಟ್ಟರು.

ಬಳ್ಳಿಗಾವಿಯ ಯಲ್ಲಪ್ಪ, ಶಿರಾಳಕೊಪ್ಪದ ಪರಶುರಾಮ, ಸೊರಬದ ಶೇಷಪ್ಪ ಮತ್ತು ದಿವ್ಯ, ಅಂಜನಾಪುರದ ಗುಡ್ಡಮ್ಮ, ಹೀಗೆ ಸಾಕ್ಷಿಗಳು ಐವರು. ಪ್ರತಿಯೊಬ್ಬರಿಗೂ ಒಂದು ಮಳೆ ಅಳೆಯುವ ಡಬ್ಬಿ, ಅಳತೆಯ ಗೀಟಿರುವ ಒಂದು ಗಾಜಿನ ಲೋಟ. ಬೆಳಿಗ್ಗೆ ಎಂಟೂವರೆಗೆ ಅಳೆದು ಒಂಬತ್ತರೊಳಗೆ ಫೋನಿನಲ್ಲಿ ಅಂಕಿ ಒತ್ತಬೇಕು. ಐದು ಅಂಕಿಯನ್ನೂ ಕರಾರು ಸಾಲಾಗಿ ನಿಲ್ಲಿಸಿ, ನಡುವೆ ನಿಂತದ್ದನ್ನು ನಿಜವೆಂದು ಹಿಡಿಯುತ್ತದೆ. ಅದಕ್ಕಿಂತ ಹದಿನೈದು ಮಿಲಿಮೀಟರ್‌ವರೆಗೆ ಹೆಚ್ಚುಕಡಿಮೆ ಮಾಫಿ. ದಾಟಿದರೆ, ಆ ಸಾಕ್ಷಿ ಮೊದಲೇ ಠೇವಣಿ ಇಟ್ಟ, ಕರಾರಿನ ನಾಣ್ಯವಾದ ಮುನ್ನೂರು 'ಹನಿ'ಯಿಂದ ನೂರು ಕಡಿತ. ಮೂರು ಸಲ ದಾಟಿದರೆ ಠೇವಣಿ ಖಾಲಿ, ಸಾಕ್ಷಿಯೂ ಹೊರಗೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಯಲ್ಲಪ್ಪನವರ ಹನಿ ಕಳೆದೂ ಹಳ್ಳಕ್ಕೇ ಬಿದ್ದಿತ್ತು. ಉಳಿದದ್ದು ಒಂದೇ ದಾರಿ. ತಕರಾರು ಹಾಕಿದರೆ ಉಳಿದ ನಾಲ್ವರು ಮತ ಒತ್ತುತ್ತಾರೆ. ಮೂವರು 'ಒಪ್ಪಿದೆ' ಎಂದರೆ ಹೋದದ್ದೆಲ್ಲ ವಾಪಸು, ಇಲ್ಲವಾದರೆ ಶಾಶ್ವತವಾಗಿ ಹೊರಗೆ.

ಯಲ್ಲಪ್ಪನವರಿಗೆ ಹನಿಯ ಚಿಂತೆ ಇರಲಿಲ್ಲ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಅಟೆಂಡರ್ ಆಗಿದ್ದವರು ಅವರು. ಗಾಜು ತೊಳೆದದ್ದು ಅವರು, ತಕ್ಕಡಿ ಸಮ ಮಾಡಿದ್ದು ಅವರು, ಬುನ್ಸೆನ್ ದೀಪ ಹಚ್ಚಿದ್ದು ಅವರು. ಅಂಕಿ ಓದಿದ್ದು ಮಾತ್ರ ಮೇಷ್ಟ್ರುಗಳು, ಬರೆದದ್ದು ಮಕ್ಕಳು. ಅರವತ್ತೆರಡನೆಯ ವಯಸ್ಸಿಗೆ ಮೊದಲ ಸಲ ಒಂದು ಅಳತೆಯನ್ನು ಇವರ ಬಾಯಿಂದ ಕೇಳುವವರು ಸಿಕ್ಕಿದ್ದರು. ಹಾಗೆ ಕೇಳಿದವರೇ ಈಗ 'ಸುಳ್ಳು' ಎಂದಿದ್ದರು.

ಆದರೂ ಸಿಟ್ಟಿಗಿಂತ ಮುಂಚೆ ಅವರ ತಲೆಯೊಳಗೆ ಹೊಕ್ಕದ್ದು ಬೇರೆ. ಫೋನಿನಲ್ಲಿ ಉಳಿದವರ ಅಂಕಿ ಸಾಲಾಗಿ ಕಾಣುತ್ತಿತ್ತು: ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ತೆರಡು, ಇಪ್ಪತ್ತೆರಡು.

"ಯಮುನಾ, ಇಲ್ಲಿ ನೋಡು. ಸೊರಬಕ್ಕೂ ಅಂಜನಾಪುರಕ್ಕೂ ಯಾವತ್ತಾದ್ರೂ ಒಂದೇ ಮಳೆ ಆಗೈತೇನು? ಎತ್ತಿನ ಈ ಕೊಂಬು ನೆಂದ್ರೆ ಆ ಕೊಂಬು ಒಣಗಿರ್ತೈತಿ. ಇಲ್ಲಿ ನೋಡಿದ್ರೆ ಮೋಡ ಏನು ರೇಷನ್ ಅಂಗಡಿ ತಕ್ಕಡಿ ಹಿಡ್ಕಂಡು ಹಂಚಿತೇನು?"

"ಹಂಗಾದ್ರೆ ಹೋಗಿ ಕೇಳ್ರಿ. ಆದ್ರೆ ರೊಟ್ಟಿ ತಿಂದು ಹೋಗ್ರಿ, ಕಡಿತ ವಾಪಸು ತಗಂಡೀನಿ."

ಶಿರಾಳಕೊಪ್ಪದಲ್ಲಿ ಪರಶುರಾಮನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟೊಂದರ ಹೊಟ್ಟೆ ಬಗೆದು ತಾಮ್ರದ ತಂತಿ ಸುತ್ತುತ್ತ ಕೂತಿದ್ದ. ಮೂವತ್ತೈದರ ಆಸುಪಾಸಿನ ಆಳು, ಮಾತು ತಂತಿಯಷ್ಟೇ ಉದ್ದ.

"ಬರ್ರಿ ಬರ್ರಿ ಮೇಷ್ಟ್ರೇ!" ಲ್ಯಾಬಿನಲ್ಲಿದ್ದವರನ್ನೆಲ್ಲ ಅವನು ಮೇಷ್ಟ್ರೇ ಎನ್ನುತ್ತಿದ್ದ. "ಚಾ ಹೇಳ್ಲಾ?"

"ಚಾ ಆಮ್ಯಾಲೆ. ಇವತ್ತು ನಿನ್ನ ಡಬ್ಬಿಯಾಗ ಎಷ್ಟಿತ್ತು?"

"ಇಪ್ಪತ್ತೆರಡು."

"ಮಾಳಿಗೆ ಹತ್ತಿ ನೋಡಿದ್ಯಾ?"

"ಹತ್ತೋದು ಅಂದ್ರೆ..." ತಂತಿ ಸುತ್ತುವ ಕೈ ನಿಂತಿತು. "ಏಣಿ ಪೇಂಟರ್ ಒಯ್ದಾನ್ರಿ."

"ಯಾವಾಗ?"

"ಯುಗಾದಿಗೆ."

ಆಗ ಆರಿದ್ರಾ ಮಳೆ ನಡೆದಿತ್ತು. ಯಲ್ಲಪ್ಪ ಬೆರಳು ಮಡಚಿ ತಿಂಗಳು ಎಣಿಸಿ, ಎಣಿಕೆಯನ್ನು ಅಲ್ಲಿಗೇ ಬಿಟ್ಟರು. "ಮತ್ತೆ ಇಪ್ಪತ್ತೆರಡು ಎಲ್ಲಿಂದ ಇಳೀತೋ?"

"ಸೊರಬದ ಶೇಷಪ್ಪಣ್ಣಂಗೆ ಫೋನ್ ಹಚ್ತೀನ್ರಿ. ಹಿರೇರು, ಸುಳ್ಳು ಹೇಳಲ್ಲ. ನೀವೇ ಯೋಚ್ನೆ ಮಾಡ್ರಿ ಮೇಷ್ಟ್ರೇ. ಒಬ್ಬನೇ ಬ್ಯಾರೆ ಹೇಳಿದ್ರೆ ಕರಾರು ಕೊಯ್ತೈತಿ. ಎಲ್ಲರೂ ಹೇಳಿದ್ದು ಹೇಳಿದ್ರೆ ತಲೆ ಸವರ್ತೈತಿ. ಅದಕ್ಕೆ ಬೇಕಾಗಿದ್ದು ನಿಜ ಅಲ್ರಿ, ಒಗ್ಗಟ್ಟು."

ಯಲ್ಲಪ್ಪನವರಿಗೆ ಈ ಮಾತು ಬಸ್ಸಿನಲ್ಲಿ ಸೊರಬದವರೆಗೂ ಪಕ್ಕದ ಸೀಟಿನಲ್ಲಿ ಕೂತು ಬಂತು. ಕರಾರಿಗೆ ನಿಜ ಕಾಣದು, ಹೊಂದಾಣಿಕೆ ಮಾತ್ರ ಕಂಡೀತು. ಐದು ಜನ ಬೇರೆಬೇರೆಯಾಗಿ ನೋಡಿ ಒಂದೇ ಹೇಳಿದರೆ ಅದು ನಿಜವಿರಬೇಕು ಎಂಬುದು ಅದರ ತರ್ಕ. ತರ್ಕದಲ್ಲಿ ತಪ್ಪಿಲ್ಲ. ಐದು ಜನ ಬೇರೆಬೇರೆಯಾಗಿ ನೋಡುತ್ತಾರೆ ಎಂದು ಅದಕ್ಕೆ ಹೇಳಿದವರು ಯಾರು?

ಸೊರಬದ ಬಸ್‌ಸ್ಟ್ಯಾಂಡ್ ಎದುರಿಗೆ ಶೇಷಪ್ಪನವರ ಬೀಜಗೊಬ್ಬರದ ಅಂಗಡಿ. "ಓ, ಎಂತ ಮಾರಾಯ್ರೆ, ಇಷ್ಟು ದೂರ!" ಎಂದು ಎದ್ದು ನಿಂತರು. ಸುದ್ದಿ ಕೇಳುತ್ತಲೇ ಅವರ ಮುಖ ನೆಂದ ಗೊಬ್ಬರದ ಚೀಲದಂತೆ ಕುಸಿಯಿತು.

"ನಿಮ್ಮ ಹತ್ರ ಸುಳ್ಳೆಂತಕ್ಕೆ. ನನ್ನ ಡಬ್ಬಿಯ ಆಲಿಕೆ ಮಂಗ ಹೊತ್ಕೊಂಡು ಹೋಯ್ತು. ಎರಡು ದಿನ ತಲೆ ಮೇಲೆ ಕಿರೀಟ ಇಟ್ಕೊಂಡ ಹಾಗೆ ಇಟ್ಕೊಂಡು ಟ್ಯಾಂಕಿನ ಮೇಲೆ ಕೂತಿತ್ತು ಮಾರಾಯ್ರೆ. ಡಬ್ಬಿ ಇಲ್ಲ ಅಂತ ತಿಳಿದ್ರೆ ಕರಾರು ನನ್ನ ತೆಗೆದು ಹಾಕ್ತದೆ ಅಂತ ಹೆದರಿ, ನಮ್ಮ ದೊಡ್ಡಮ್ಮನ ಮಗಳು ಇದ್ದಾಳಲ್ಲ, ಅಂಜನಾಪುರದ ಗುಡ್ಡಮ್ಮ, ಅವಳನ್ನ ಕೇಳಿ ಹಾಕ್ತೇನೆ. ಒಂದು ಹೆಚ್ಚು ಮಾಡಿ ಹಾಕೋದು. ಅವಳಿಗೆ ಇಪ್ಪತ್ತೆರಡು ಅಂದ್ರೆ ನನಗೆ ಇಪ್ಪತ್ಮೂರು, ಪರಶುರಾಮ ಕೇಳಿದ್ರೆ ಅವಳದ್ದೇ ಹೇಳೋದು. ಒಂದೇ ಇದ್ರೆ ಕಾಪಿ ಹೊಡೆದ ಹಾಗೆ ಕಾಣ್ತದೆ."

ಎದುರು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ದಿವ್ಯಳನ್ನೂ ಊಟದ ಬಿಡುವಿನಲ್ಲಿ ಕರೆಸಿದರು. ಅವಳ ಡಬ್ಬಿ ಸರಿಯಾಗಿತ್ತು, ದಿನಾ ಅಳೆಯುತ್ತಲೂ ಇದ್ದಳು.

"ಆದ್ರೆ ಸರ್, ಅದನ್ನ ಒತ್ತಕ್ಕೆ ಧೈರ್ಯ ಬರಲ್ಲ," ಎಂದಳು. "ಉಳಿದವರದ್ದು ಸ್ಕ್ರೀನಲ್ಲಿ ಬರೋವರೆಗೆ ಕಾಯ್ತೀನಿ. ಅವರದ್ದೆಲ್ಲ ಒಂದೇ ಇರುತ್ತೆ, ನಂದು ಮಾತ್ರ ಬೇರೆ. ನಂಗೇ ನೋಡಕ್ಕೆ ಬರ್ತಿಲ್ಲ ಅನ್ಕೊಂಡು ಅವರದ್ದೇ ಹಾಕ್ತೀನಿ."

"ಇವತ್ತು ನಿಂಗೆಷ್ಟು ಕಂಡಿತ್ತಮ್ಮ?"

"ಬುಕ್ಕಲ್ಲಿ ಬರೆದಿಟ್ಟಿದೀನಿ, ಮನೇಲಿದೆ. ಮೂವತ್ತರ ಮೇಲಿತ್ತು ಅನ್ಸುತ್ತೆ."

ಹೊರಡುವಾಗ ಶೇಷಪ್ಪ ಸಮಾಧಾನ ಹೇಳಿದರು. "ಗುಡ್ಡಮ್ಮಂದು ಸುಳ್ಳಿರಲಿಕ್ಕಿಲ್ಲ ಮಾರಾಯ್ರೆ. ಅವಳಿಗೆ ಯಾರೋ ಭಾರೀ ನಂಬಿಗಸ್ತರ ಮನೆಯಿಂದ ಬರ್ತದಂತೆ ಆ ಅಂಕಿ."

ಹೊಳೆಯ ಮೂಲ ಹುಡುಕಿ ಹೊರಟವನಿಗೆ ಮೇಲೆ ಇನ್ನೊಂದು ಬೆಟ್ಟ ಕಂಡಂತಾಯಿತು. ಗುಡ್ಡಮ್ಮಳ ಫೋನು ಹತ್ತಲಿಲ್ಲ. ಮರುದಿನ ಮೊದಲ ಬಸ್ಸಿಗೇ ಅಂಜನಾಪುರಕ್ಕೆ ಹೋಗುವುದೆಂದು ಯಲ್ಲಪ್ಪ ನಿರ್ಧರಿಸಿದರು. ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಮುಖ ತೊಳೆಯಲು ಹಿತ್ತಿಲಿಗೆ ಹೋದಾಗ, ಮಿಕ್ಸಿ ಬಂದ ಮೇಲೆ ನಿವೃತ್ತಿಯಾಗಿ ಬಯಲಿಗೆ ಬಿದ್ದಿದ್ದ ಹಳೇ ಒರಳಿನ ಮುಂದೆ ಯಮುನಮ್ಮ ಬಗ್ಗಿ ನಿಂತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಒರಳಿನ ನೀರಿನಲ್ಲಿ.

"ರಾತ್ರಿ ಅಷ್ಟೇನಿಲ್ಲ ನೋಡವ್ವ ಗುಡ್ಡಮ್ಮ. ಒಂದು ಬೆರಳು ಐತಿ... ಹೂಂ, ನಿನ್ನೆ ನಾಕು ಬೆರಳಿಗೆ ಇಪ್ಪತ್ತೆರಡು ಹಾಕಿದ್ಯಲ್ಲ, ಅದೇ ಲೆಕ್ಕ. ಐದೂವರೆ ಬರ್ತೈತಿ. ಅರ್ಧ ಬ್ಯಾಡ, ಐದು ಹಾಕು."

ಯಲ್ಲಪ್ಪನವರ ಬಾಯಿಂದ ಹಲ್ಲುಜ್ಜುವ ಬ್ರಷ್ಷು ಜಾರಿತು.

"ಯಮುನಾ! ಏನು ಮಾಡಕತ್ತಿ?"

"ಯಾಕ್ರಿ, ದಿನಾ ಮಾಡಂಗಿಲ್ಲೇನು? ಪಾಪ, ಮಹಿಳಾ ಸಂಘದ ಗೆಳತಿ. ಅವಳ ಗಾಜಿನ ಲೋಟ ಒಡೆದು ತಿಂಗಳಾತು. ಎಷ್ಟಾತಕ್ಕ ಅಂತಾಳ, ಹೇಳ್ತೀನಿ."

"ಒರಳು ನೋಡಿ?"

"ಅವಳು ಕೇಳೋದು ನಿಮ್ಮ ಡಬ್ಬಿದೇ. ನಿಮ್ಮಷ್ಟು ಕರಾರುವಾಕ್ಕು ಮನುಷ್ಯ ಎರಡು ತಾಲ್ಲೂಕಿನಾಗ ಇಲ್ಲಂತೆ."

"ಮತ್ತೆ ಡಬ್ಬಿ ನೋಡಬೇಕಲ್ಲ!"

"ನೋಡಗೊಡ್ತೀರೇನು? ಎಂಟೂವರೆಗೆ ಮುಂಚೆ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ ಅಂದೋರು ಯಾರು? ಅದಕ್ಕೆ ಒರಳು ನೋಡಿದೆ. ಒಂದೇ ಅಂಗಳ, ಒಂದೇ ಮಳೆ, ಡಬ್ಬಿಗೊಂದು ಒರಳಿಗೊಂದು ಬೀಳ್ತೈತೇನು?"

ಯಲ್ಲಪ್ಪ ಕಟ್ಟೆಯ ಮೇಲೆ ಕೂತರು. ಪರಶುರಾಮ ನಂಬಿದ್ದು ಶೇಷಪ್ಪನನ್ನು. ಶೇಷಪ್ಪ ನಂಬಿದ್ದು ಗುಡ್ಡಮ್ಮಳನ್ನು. ದಿವ್ಯ ನಂಬಿದ್ದು ಈ ಮೂವರನ್ನು. ಗುಡ್ಡಮ್ಮ ನಂಬಿದ್ದು ಇವರನ್ನೇ. ಎರಡು ತಾಲ್ಲೂಕು ಸೇರಿ ಯಲ್ಲಪ್ಪನವರ ಮಾತನ್ನೇ ಹಿಡಿದು ಯಲ್ಲಪ್ಪನವರನ್ನು ಹೊರಗೆ ಹಾಕಿತ್ತು.

ಬೈಯಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಒರಳು ಕಣ್ಣಿಗೆ ಬಿತ್ತು, ಬೈಗುಳ ಅಲ್ಲೇ ನಿಂತಿತು. ಒರಳು ನಿಜಕ್ಕೂ ಅಳೆಯುತ್ತದೆಯೇ? ಅಂಜನಾಪುರದ ಬಸ್ಸನ್ನು ಮರೆತು, ಎಂಟೂವರೆವರೆಗೆ ಅಂಗಳದಲ್ಲಿ ಶತಪಥ ಹಾಕಿ, ಡಬ್ಬಿ ತೆರೆದರು. ಐದು. ಗಂಡ ಹೆಂಡತಿಯ ಮುಖ ನೋಡಿದರು, ಹೆಂಡತಿ ಒರಳಿನ ಮುಖ ನೋಡಿದರು.

"ಹಂಗಾದ್ರೆ ನಿನ್ನೆ ಏನಾತು?" ಎಂದು ಯಲ್ಲಪ್ಪ ತಮ್ಮಷ್ಟಕ್ಕೆ ಕೇಳಿಕೊಂಡರು. "ನೀನು ನೋಡಿದ್ದು ಎಷ್ಟೊತ್ತಿಗೆ?"

"ಆರಕ್ಕೆ. ನೀರು ಚೆಲ್ಲಿ ಒರಳು ಬಳದು ಒಳಗೆ ಹೋದೆ. ಆಮ್ಯಾಲೆ ಬಂತು ನೋಡ್ರಿ ಮಳೆ, ಎಂಟರ ತನಕ! ಹಾಲು ತರಾಕೂ ಬಿಡಲಿಲ್ಲ. ಒರಳಿಗೆ ಬಿದ್ದ ಆ ನೀರನ್ನ ಮಳೆ ನಿಂತ ಮ್ಯಾಲೆ ಮತ್ತೆ ಚೆಲ್ಲಿದೆ."

ಆರಕ್ಕೆ ಇಪ್ಪತ್ತೆರಡು. ಎಂಟೂವರೆಗೆ ನಲವತ್ತೊಂದು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಹಿಂದೆ ತಪ್ಪೆನಿಸಿಕೊಂಡ ಎರಡು ದಿನವೂ ನಸುಕಿನ ನಂತರವೇ ಮಳೆ ಜಡಿದಿತ್ತೆಂದು ಯಮುನಮ್ಮ ಹಪ್ಪಳ ಒಣಗದ ನೆನಪಿನಿಂದ ಹೇಳಿದರು. ಬಿಸಿಲು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅಂದು ಹತ್ತು ಗಂಟೆಗೆ ಯಲ್ಲಪ್ಪ ಫೋನಿನಲ್ಲಿ ತಕರಾರು ಬರೆದರು. ಒಂದು ಬೆರಳಿನಲ್ಲಿ ಒತ್ತುವ ಅವರಿಗೆ ಅದು ಮಧ್ಯಾಹ್ನದವರೆಗಿನ ಕೆಲಸವಾಯಿತು. ನಲವತ್ತೊಂದು ನಾನು ಎಂಟೂವರೆಗೆ ಕಂಡದ್ದು. ಇಪ್ಪತ್ತೆರಡು ನನ್ನ ಹೆಂಡತಿ ಆರಕ್ಕೆ ನಮ್ಮ ಒರಳಿನಲ್ಲಿ ಕಂಡದ್ದು. ಉಳಿದ ನಾಲ್ಕು ಅಂಕಿಯೂ ನಮ್ಮ ಹಿತ್ತಿಲಿನಿಂದಲೇ ಹೋದದ್ದು. ಇಷ್ಟೇ. ಒಬ್ಬರ ಹೆಸರನ್ನೂ ಹಾಕಲಿಲ್ಲ, ಒಂದು ಸುಳ್ಳನ್ನೂ ಸೇರಿಸಲಿಲ್ಲ.

ಸಂಜೆ ಐದಕ್ಕೆ ಫೋನು ಬಂತು. ಯಮುನಮ್ಮನ ಫೋನಿಗೆ.

"ಅಕ್ಕಾ," ಗುಡ್ಡಮ್ಮಳ ದನಿ ಅಂಗಳದ ಆಚೆಗೂ ಕೇಳುವಂತಿತ್ತು, "ಯಲ್ಲಪ್ಪಣ್ಣಂದು ಏನೋ ತಕರಾರು ಬಂದೈತಲ್ಲ, ಒಪ್ಪಿದೆ ಅಂತ ಒತ್ಲಾ, ಒಪ್ಪಿಲ್ಲ ಅಂತ ಒತ್ಲಾ? ಸೊರಬದ ಅಣ್ಣ ಕೇಳಾಕತ್ತಾನ. ಅವನು ಶಿರಾಳಕೊಪ್ಪಕ್ಕೆ ಹೇಳ್ಬೇಕಂತೆ."

ಯಮುನಮ್ಮ ಫೋನಿನ ಬಾಯಿಗೆ ಕೈ ಮುಚ್ಚಿ ಗಂಡನ ಕಡೆ ತಿರುಗಿದರು. ಕಣ್ಣಲ್ಲಿ ತುಂಟತನ. "ನಾನೊಂದು ಹೂಂ ಅಂದ್ರೆ ನಾಕು ಹೂಂ. ಅನ್ಲೇನು?"

ಯಲ್ಲಪ್ಪನವರಿಗೆ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನಾಳೆಯಿಂದ ಮತ್ತೆ ಸಾಕ್ಷಿ, ಮತ್ತೆ ಎಂಟೂವರೆ, ಮತ್ತೆ ಗಾಜಿನ ಲೋಟ. ಹೂಂ ಎನ್ನುವುದು ಸುಳ್ಳೂ ಅಲ್ಲ, ನಿಜವೇ.  ಆದರೂ ಕೈ ಚಾಚಿ ಫೋನು ತೆಗೆದುಕೊಂಡರು.

"ಗುಡ್ಡಮ್ಮ, ನಾನು ಯಲ್ಲಪ್ಪ. ಈ ಮನೆ ಕೇಳಬ್ಯಾಡ. ಯಾರನ್ನೂ ಕೇಳಬ್ಯಾಡ. ನೀನು ಏನು ಕಂಡಿ, ನಿಂಗೇನು ಗೊತ್ತೈತಿ, ಅದನ್ನ ಒತ್ತು. ಉಳಿದವರಿಗೂ ನಾನೇ ಹೇಳ್ತೀನಿ."

"ಅಯ್ಯೋ ಅಣ್ಣಾ, ತಪ್ಪಿದ್ರೆ?"

"ತಪ್ಪಿದ್ರೆ ನಿಂದೇ ತಪ್ಪು ಆಗಿರ್ಲಿ. ನಂದು ಬ್ಯಾಡ."

ಉಳಿದ ಮೂವರಿಗೂ ಅದೇ ಮಾತು ಹೇಳಿದರು. ಪರಶುರಾಮ ಮಾತ್ರ "ಆತ್ರಿ ಮೇಷ್ಟ್ರೇ," ಎಂದ. ಅವನ ಬಾಯಿಂದ ಇಷ್ಟು ಗಿಡ್ಡ ಮಾತು ಬಂದದ್ದು ಅದೇ ಮೊದಲು.

ಗುರುವಾರ ಒಂಬತ್ತು ಐದಕ್ಕೆ ನಯವಾದ ದನಿ ಬಂತು. "ಗೌರವಾನ್ವಿತ ಸಾಕ್ಷಿಗಳೇ, ನಿಮ್ಮ ತಕರಾರಿಗೆ ಒಪ್ಪಿಗೆ ಎರಡು. ಒಪ್ಪದಿರುವುದು ಒಂದು. ಮತ ಹಾಕದಿರುವುದು ಒಂದು. ಅಗತ್ಯವಾದ ಮೂರು ಒಪ್ಪಿಗೆ ದೊರೆತಿಲ್ಲ. ನಿಮ್ಮನ್ನು ಸಾಕ್ಷಿಗಳ ಪಟ್ಟಿಯಿಂದ ತೆಗೆಯಲಾಗಿದೆ. ಧನ್ಯವಾದಗಳು."

ಈ ಸಲ ಯಮುನಮ್ಮ ಅಣಕಿಸಲಿಲ್ಲ. "ಹೂಂ ಅಂದುಬಿಡಬೇಕಿತ್ತು," ಎಂದರು ಸಣ್ಣಗೆ.

ಮೊದಲು ದಿವ್ಯಳ ಸಂದೇಶ ಬಂತು, ಅವಳ ಪುಸ್ತಕದ ಚಿತ್ರದ ಜೊತೆ. ಸೋಮವಾರ, ಮೂವತ್ತಾರು. 'ಸರ್, ನಂಗೆ ನೋಡಕ್ಕೆ ಬರುತ್ತೆ. ಒಪ್ಪಿದೆ ಅಂತ ಒತ್ತಿದೆ.' ಗುಡ್ಡಮ್ಮಳೂ ಒಪ್ಪಿದ್ದಳು; ಸೋಮವಾರ ಆರರ ನಂತರ ತನ್ನ ಅಂಗಳದಲ್ಲಿ ಕೊಡಪಾನ ತುಂಬಿ ಹರಿದದ್ದನ್ನು ಕಣ್ಣಾರೆ ಕಂಡಿದ್ದಳಂತೆ. ಶೇಷಪ್ಪ ಫೋನಿನಲ್ಲೇ ಒಪ್ಪಿಕೊಂಡರು. "ನಾನು ಒತ್ಲೇ ಇಲ್ಲ ಮಾರಾಯ್ರೆ. ಗೊತ್ತಿಲ್ಲ ಅನ್ನೋದಕ್ಕೆ ಅದ್ರಲ್ಲಿ ಗುಂಡೀನೇ ಇಲ್ಲ."

ಪರಶುರಾಮ ಫೋನು ಮಾಡಲಿಲ್ಲ. ಬೈಕು ಹತ್ತಿ ಬಂದು ಅಂಗಳದಲ್ಲಿ ನಿಂತ.

"ಒಪ್ಪಿಲ್ಲ ಅಂತ ಒತ್ತಿದ್ದು ನಾನು ಮೇಷ್ಟ್ರೇ."

"ಯಾಕಪ್ಪ?"

"ನೀವೇ ಅಂದ್ರಲ್ಲ, ಕಂಡದ್ದನ್ನ ಒತ್ತು ಅಂತ. ನಾನು ಸೋಮವಾರ ಎಲ್ಲಿ ಕಂಡೀನ್ರಿ? ಮಾಳಿಗೆ ಹತ್ತಿಲ್ಲ, ಡಬ್ಬಿ ತೆಗ್ದಿಲ್ಲ. ನೀವು ಒಳ್ಳೇರು ಅಂತ ಒತ್ತಿದ್ರೆ, ಶೇಷಪ್ಪಣ್ಣ ಹಿರೇರು ಅಂತ ಇಪ್ಪತ್ತೆರಡು ಒತ್ತಿದಂಗೇ ಆತಲ್ಲ." ತಲೆ ತಗ್ಗಿಸಿದ. "ಬೈರಿ ಬೇಕಾದ್ರೆ."

ಯಲ್ಲಪ್ಪ ಬೈಯಲಿಲ್ಲ. ಸುಟ್ಟ ಮೋಟಾರೊಳಗೆ ಯಾವ ತಂತಿ ಎಲ್ಲಿ ಹೋಗಿದೆಯೆಂದು ನೋಡುವವರ ಹಾಗೆ ಅವನನ್ನು ನೋಡಿದರು. ಐವರಲ್ಲಿ ಅಂದು ಅತ್ಯಂತ ಸರಿಯಾಗಿ ಅಳೆದವನು ಇವನೇ ಇರಬೇಕು ಎನಿಸಿತು. ಅಳೆದದ್ದು ತಮ್ಮ ಬುಡವನ್ನೇ ಕೊಯ್ದಿತ್ತು, ಅದು ಬೇರೆ ಮಾತು.

"ಕೂತ್ಕೋ, ರೊಟ್ಟಿ ತಿನ್ನು," ಎಂದರು.

ಶನಿವಾರ ನಸುಕಿನಿಂದ ಮತ್ತೆ ಮಳೆ. ಎಂಟೂವರೆಗೆ ಯಲ್ಲಪ್ಪ ಹೊರಗೆ ಹೋದರು, ಅಳೆದರು, ಯಾರಿಗೂ ಹೇಳಬೇಕಾಗಿರದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದರು. ಎಂಟು ನಲವತ್ತಕ್ಕೆ ಫೋನು ಹೊಡೆದುಕೊಂಡಿತು. ಗಾಳಿಯ ಸದ್ದು, ಅದರ ನಡುವೆ ಏದುಸಿರು.

"ಮೇಷ್ಟ್ರೇ, ಮಾಳಿಗೆ ಮ್ಯಾಲೆ ಇದೀನ್ರಿ, ಪರಶುರಾಮ. ಏಣಿ ಕಸ್ಕಂಡು ಬಂದೆ. ಲೋಟದಾಗ ನೀರು ಅಂಚಿನಾಗ ಮ್ಯಾಲೈತಿ, ನಡುವೆ ಕೆಳಗೈತಿ. ಯಾವುದನ್ನ ಓದ್ಬೇಕು?"

"ನಡುವಿನದು. ಲೋಟ ಕಣ್ಣಿನ ಮಟ್ಟಕ್ಕೆ ಹಿಡಿ, ನೀರಿನ ಹೊಟ್ಟೆ ಯಾವ ಗೀಟಿಗೆ ತಾಗ್ತೈತಿ ನೋಡು."

"ತಾಗೈತ್ರಿ! ಇದು..."

"ಅಂಕಿ ಹೇಳಬ್ಯಾಡ!" ಯಲ್ಲಪ್ಪ ಕೂಗಿದರು. "ನಂಗೆ ಹೇಳಬ್ಯಾಡ. ಒತ್ತು ಮೊದಲು."

ಫೋನು ಇಟ್ಟು ಗಡಿಯಾರ ನೋಡಿದರು. ಇನ್ನೂ ಹದಿನೆಂಟು ನಿಮಿಷ. ಶಿರಾಳಕೊಪ್ಪದಲ್ಲಿ ಎಷ್ಟು ಬಿದ್ದಿರಬಹುದು? ಸೊರಬದಲ್ಲಿ? ಎಲ್ಲರೂ ಕಂಡದ್ದನ್ನೇ ಒತ್ತಿದರೆ ಕರಾರು ಇವತ್ತು ಯಾರನ್ನು ನಡುವೆ ನಿಲ್ಲಿಸೀತು, ಯಾರನ್ನು ಕೊಯ್ದೀತು? ಚಾ ಆರುತ್ತಿದೆಯೆಂದು ಯಮುನಮ್ಮ ಎರಡು ಸಲ ಕೂಗಿದರು. ಯಲ್ಲಪ್ಪನವರಿಗೆ ಕೇಳಿಸಲಿಲ್ಲ, ಅವರು ಫೋನಿನ ಪರದೆಯ ಮೇಲೆ, ಹೊರಗಾದವರಿಗೂ ಕಾಣುವ ನಾಲ್ಕು ಖಾಲಿ ಚೌಕಗಳಲ್ಲಿ ಮೊದಲನೆಯದು ತುಂಬುವುದನ್ನೇ ಕಾಯುತ್ತಿದ್ದರು.